ಬಾಯಿಲ್ಲದ ಗೊಂಬೆಗೆ ಮಾತು

ತೊಗಲುಗೊಂಬೆಯಾಟ ನೋಡಿದವರಿಗೆ ಒಂದು ಸಂಗತಿ ನೆನಪಿರಬಹುದು. ಆ ಗೊಂಬೆಗಳ ತುಟಿ ಅಲುಗುವುದಿಲ್ಲ. ರಾಮನಿರಲಿ, ರಾವಣನಿರಲಿ, ಸೀತೆಯಿರಲಿ, ತೊಗಲಿನ ಮೇಲೆ ಬಣ್ಣದಲ್ಲಿ ಬರೆದ ಬಾಯಿ ಬರೆದ ಹಾಗೆಯೇ ಇರುತ್ತದೆ. ಕೈ ಆಡುತ್ತದೆ, ಕೆಲವಕ್ಕೆ ಕತ್ತು ಹೊರಳುತ್ತದೆ, ಅಷ್ಟೆ. ಆದರೂ ಪರದೆಯ ಈಚೆ ಕೂತವರಿಗೆ ಸೀತೆ ಅತ್ತಂತೆ, ಆಂಜನೇಯ ಗದರಿದಂತೆ, ಕಿಳ್ಳೇಕ್ಯಾತ ಬಂಗಾರಕ್ಕನ ಸಂಗಡ ಜಗಳಕ್ಕೆ ನಿಂತಂತೆ ಅನ್ನಿಸುತ್ತದೆ. ದೀಪದ ಆಚೆ ಕೂತ ಒಂದು ಕುಟುಂಬ ತನ್ನ ಗಂಟಲನ್ನು ಆ ಗೊಂಬೆಗಳಿಗೆ ಹಂಚಿಕೊಟ್ಟಿರುತ್ತದೆ. ಗಂಡಸರು ಗೊಂಬೆ ಹಿಡಿದು ಗಂಡುಪಾತ್ರಗಳ ಮಾತಾಡಿದರೆ, ಹಾರ್ಮೋನಿಯಂ ಮುಂದೆ ಕೂತ ಹೆಂಗಸು ಹಾಡುತ್ತಾಳೆ, ಹೆಣ್ಣುಪಾತ್ರಗಳಿಗೆ ಮಾತು ಕೊಡುತ್ತಾಳೆ. ನೋಡುವವರಿಗೆ ಆಕೆಯ ಮುಖ ಕಾಣುವುದಿಲ್ಲ. ಬೆಳಗಾದ ಮೇಲೆ ಬಾವಿಕಟ್ಟೆಯಲ್ಲಿ ಎದುರಾದರೂ, ನಿನ್ನೆ ರಾತ್ರಿಯ ಸೀತೆ ಇವಳೇ ಎಂದು ಗುರುತು ಹಿಡಿಯುವವರು ಕಡಿಮೆ.

ನಮ್ಮ ಕಲ್ಯಾಣ ಕರ್ನಾಟಕದ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಆಗ ಅವರ ವಯಸ್ಸು 96. ಮನೆತನದ ಗೊಂಬೆಗಳನ್ನು ಕಟ್ಟಿಕೊಂಡು ದೇಶ ವಿದೇಶ ತಿರುಗಿ ರಾಮಾಯಣ, ಮಹಾಭಾರತ ಆಡಿಸಿದ ಜೀವ ಅದು. ಪತ್ರಿಕೆಯಲ್ಲಿ ಅವರ ಚಿತ್ರ ಬಂದಾಗ ನಾನು ಅದನ್ನು ಕತ್ತರಿಸಿ ತರಗತಿಯ ಗೋಡೆಗೆ ಅಂಟಿಸಿದೆ. ಪರದೆಯ ಹಿಂದಿನ ಹೆಣ್ಣುದನಿಗೆ ಒಂದು ಮುಖ, ಒಂದು ಹೆಸರು ಸಿಕ್ಕಿತಲ್ಲ ಎಂಬ ಸಮಾಧಾನಕ್ಕೆ.

ಈ ಮಾತನ್ನೆಲ್ಲ ಇಲ್ಲಿ ತೆಗೆಯುವುದಕ್ಕೆ ಕಾರಣ ಒಂದು ಹೊಸ ಗೊಂಬೆಯಾಟ. ನಿಮ್ಮ ಮನೆಯ ಮಕ್ಕಳೂ ಇದರಲ್ಲಿ ಮುಳುಗಿರಬಹುದು. ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಆಡುವ ಆಟದೊಳಗಿನ ಮನುಷ್ಯರನ್ನೇ ಪಾತ್ರಧಾರಿಗಳನ್ನಾಗಿ ಮಾಡಿಕೊಂಡು, ಅವರನ್ನು ನಡೆಸಿ, ನಿಲ್ಲಿಸಿ, ಓಡಿಸಿ, ಆ ದೃಶ್ಯವನ್ನು ಹಿಡಿದಿಟ್ಟು, ಆಮೇಲೆ ತಮ್ಮ ದನಿಯಲ್ಲಿ ಮಾತು ಸೇರಿಸಿ ಕಂತು ಕಂತಾಗಿ ಕಥೆ ಹೇಳುವುದು. ಇದಕ್ಕೆ ಕ್ಯಾಮೆರಾ ಬೇಡ, ನಟರು ಬೇಡ, ಬಣ್ಣ ಬಟ್ಟೆ ಬೇಡ. ಬೇಕಾದದ್ದು ಆಟ, ತಾಳ್ಮೆ ಮತ್ತು ಗಂಟಲು.

ಹೊರದೇಶದಲ್ಲಿ ಇದಕ್ಕೆ ಮಷಿನಿಮಾ ಎನ್ನುತ್ತಾರೆ. ಮೆಷಿನ್ ಮತ್ತು ಸಿನೆಮಾ ಎಂಬ ಎರಡು ಪದಗಳನ್ನು ಬೆಸೆದು ಮಾಡಿದ ಮಾತು. ಅದರ ಚರಿತ್ರೆ ಮೂವತ್ತು ವರ್ಷಕ್ಕಿಂತ ಹಳೆಯದಲ್ಲ. 1996ರಲ್ಲಿ ಕ್ವೇಕ್ ಎಂಬ ಗುಂಡಿನಾಟ ಆಡುತ್ತಿದ್ದ ರೇಂಜರ್ಸ್ ಎಂಬ ಹುಡುಗರ ತಂಡ, ಆಡಿದ ಆಟವನ್ನು ಸುಮ್ಮನೆ ಹಿಡಿದಿಡುವ ಬದಲು, ಅದರಲ್ಲೊಂದು ಸಣ್ಣ ಕಥೆ ಕಟ್ಟಿತು. ‘ಡೈರಿ ಆಫ್ ಎ ಕ್ಯಾಂಪರ್’ ಎಂದು ಅದರ ಹೆಸರು. ಎರಡು ನಿಮಿಷವೂ ಇಲ್ಲ. ಅದರಲ್ಲಿ ಯಾರೂ ಬಾಯಿಬಿಟ್ಟು ಮಾತಾಡುವುದಿಲ್ಲ, ಮಾತೆಲ್ಲ ತೆರೆಯ ಮೇಲೆ ಅಕ್ಷರವಾಗಿ ಬರುತ್ತದೆ. ನಮ್ಮ ಹಿರಿಯರು ನೋಡಿದ ಮೂಕಿ ಚಿತ್ರದ ಹಾಗೆ. ಸಿನೆಮಾ ಮೂಕಿಯಿಂದ ಟಾಕಿಗೆ ಬಂದಂತೆ ಈ ಆಟದ ಚಿತ್ರಗಳೂ ಅದೇ ದಾರಿ ಹಿಡಿದವು.

2003ರ ಏಪ್ರಿಲ್ 1ರಂದು ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ಎಂಬ ಊರಿನ ಕೆಲವು ಗೆಳೆಯರು ‘ರೆಡ್ ವರ್ಸಸ್ ಬ್ಲೂ’ ಎಂಬ ಧಾರಾವಾಹಿ ಶುರು ಮಾಡಿದರು. ಹೇಲೋ ಎಂಬ ಆಟದ ಸೈನಿಕರು ಅದರ ಪಾತ್ರಗಳು. ಮೈತುಂಬ ಕವಚ, ತಲೆಗೆ ಶಿರಸ್ತ್ರಾಣ, ಮುಖವೇ ಕಾಣದ ಸೈನಿಕರು. ಹಾಗಾಗಿ ತುಟಿಗೂ ಮಾತಿಗೂ ಹೊಂದಿಸುವ ತಾಪತ್ರಯವೇ ಇಲ್ಲ. ಮಾತಾಡುವವನ ತಲೆ ತುಸು ಮೇಲೆ ಕೆಳಗೆ ಅಲ್ಲಾಡಿದರೆ ಸಾಕು, ಮಾತು ಅವನದೇ ಎಂದು ನೋಡುವವರು ಒಪ್ಪಿಬಿಡುತ್ತಾರೆ. ಮೊದಲು ಮಾತುಗಳನ್ನು ಧ್ವನಿಮುದ್ರಣ ಮಾಡಿಕೊಂಡು, ಆಮೇಲೆ ಆ ಮಾತಿಗೆ ತಕ್ಕಂತೆ ಗೊಂಬೆ ಅಲ್ಲಾಡಿಸುತ್ತಿದ್ದರು. ಆರೆಂಟು ಕಂತು ಮಾಡಿ ಮುಗಿಸಬೇಕೆಂದು ಹೊರಟದ್ದು 2024ರವರೆಗೆ ನಡೆಯಿತು. ಯುದ್ಧಕ್ಕೆ ಬಂದ ಸೈನಿಕರು ಯುದ್ಧ ಮಾಡದೆ, ನಾವೆಲ್ಲ ಇಲ್ಲಿ ಯಾಕಿದ್ದೇವೆ ಎಂದು ಹರಟೆ ಹೊಡೆಯುವುದೇ ಅದರ ಸ್ವಾರಸ್ಯ. ಗೊಂಬೆ ಕಂಪನಿಯದು, ಮಾತು ಇವರದು. ಆಟ ತಯಾರಿಸಿದ ಕಂಪನಿಗಳು ಇದನ್ನು ತಡೆಯಲಿಲ್ಲ. 2007ರಲ್ಲಿ ಮೈಕ್ರೋಸಾಫ್ಟ್ ಕಂಪನಿ ತನ್ನ ಆಟಗಳನ್ನು ಹೀಗೆ ಬಳಸುವ ಹವ್ಯಾಸಿಗಳಿಗೆಂದೇ ನಿಯಮಗಳನ್ನು ಬರೆದು ಪ್ರಕಟಿಸಿತು. ಲಾಭಕ್ಕಲ್ಲದೆ ಮಾಡುವುದಾದರೆ ಮಾಡಿಕೊಳ್ಳಿ ಎಂಬುದು ಅದರ ತಾತ್ಪರ್ಯ.

ಇದೆಲ್ಲ ಬರೀ ತಮಾಷೆಗಷ್ಟೇ ಅಲ್ಲ ಎನ್ನುವುದಕ್ಕೆ ಇನ್ನೊಂದು ಉದಾಹರಣೆ. 2005ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನ ಹೊರವಲಯದಲ್ಲಿ ಪೊಲೀಸರಿಗೆ ಅಂಜಿ ಓಡಿದ ಇಬ್ಬರು ಹುಡುಗರು ವಿದ್ಯುತ್ ಉಪಕೇಂದ್ರದಲ್ಲಿ ಅಡಗಿ, ಶಾಕ್ ಹೊಡೆದು ಸತ್ತರು. ಫ್ರಾನ್ಸಿನ ತುಂಬ ದೊಂಬಿಯಾಯಿತು. ಆ ದಿನಗಳಲ್ಲೇ ಅಲೆಕ್ಸ್ ಚಾನ್ ಎಂಬ ಯುವಕ ಒಂದು ಕಂಪ್ಯೂಟರ್ ಆಟವನ್ನು ಬಳಸಿ ‘ದಿ ಫ್ರೆಂಚ್ ಡೆಮಾಕ್ರಸಿ’ ಎಂಬ ಹದಿಮೂರು ನಿಮಿಷದ ಚಿತ್ರ ಮಾಡಿದ. ಬಣ್ಣದ ಕಾರಣಕ್ಕೆ, ಹುಟ್ಟಿನ ಕಾರಣಕ್ಕೆ ಅವಮಾನ ಉಂಡ ಹುಡುಗರ ಕಥೆ ಅದು. ಅದರಲ್ಲಿ ದನಿ ಇಲ್ಲ, ಇಂಗ್ಲಿಷ್ ಅಕ್ಷರಗಳಷ್ಟೇ. ನನಗೆ ಅದನ್ನು ನೋಡುವಾಗಲೆಲ್ಲ ಒಂದು ಕೊರತೆ ಕಾಡುತ್ತದೆ. ಆ ಹುಡುಗರು ತಮ್ಮದೇ ಓಣಿಯ ಫ್ರೆಂಚಿನಲ್ಲಿ ಮಾತಾಡಿದ್ದರೆ ಕಿವಿಗೆ ಹೇಗೆ ಕೇಳಿಸುತ್ತಿತ್ತೋ ಎಂದು.

ಯಾಕೆಂದರೆ ದನಿಯಲ್ಲಿ ಊರಿರುತ್ತದೆ. ಅಕ್ಷರದಲ್ಲಿ ಬರೆದ ಮಾತಿಗೆ ಊರು ಕೇರಿ ಮುಚ್ಚಿಡಬಹುದು, ಬಾಯಿಬಿಟ್ಟ ಮಾತಿಗೆ ಆಗುವುದಿಲ್ಲ.

ನಮ್ಮ ಕಡೆ ಹೆಣ್ಣುದನಿ ಬಯಲಿಗೆ ಬಂದ ಕಥೆ ಸಣ್ಣದಲ್ಲ. ಕಂಪನಿ ನಾಟಕಗಳ ಮೊದಲ ದಿನಗಳಲ್ಲಿ ಸ್ತ್ರೀಪಾತ್ರ ಎಂದರೆ ಗಂಡಸರೇ ಸೀರೆಯುಟ್ಟು ಮಾಡಬೇಕಾದ ಕೆಲಸ. ಆಮೇಲೆ ರಂಗಕ್ಕೆ ಬಂದ ಹೆಣ್ಣುಮಕ್ಕಳು ಎಷ್ಟು ಚಂದ ಹಾಡಿದರೂ, ಮರ್ಯಾದಸ್ಥರ ಮನೆಯ ಮಾತಿನಲ್ಲಿ ಅವರ ಸ್ಥಾನ ಬಾಗಿಲ ಹೊರಗೇ ಇತ್ತು. ಬೀಳಗಿಯ ಅಮೀರಬಾಯಿ ಕರ್ನಾಟಕಿ ಮುಂಬಯಿಗೆ ಹೋಗಿ, 1943ರ ‘ಕಿಸ್ಮತ್’ ಚಿತ್ರದಲ್ಲಿ ಹಾಡಿ ದೇಶದ ಮನೆಮಾತಾದರು. ತೆರೆಯ ಮೇಲೆ ಬೇರೆಯವರ ಮುಖ, ಹಿಂದೆ ಇವರ ಗಂಟಲು.

ಹೆಣ್ಣಿನ ದನಿಯನ್ನು ನಡುಮನೆಗೆ ಗೌರವದಿಂದ ಕರೆತಂದದ್ದು ರೇಡಿಯೋ ಎಂದು ನನ್ನ ನಂಬಿಕೆ. ಮೈಸೂರಿನಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಪುಟ್ಟ ಬಾನುಲಿ ಕೇಂದ್ರ ತೆರೆದದ್ದು 1935ರಲ್ಲಿ. ಧಾರವಾಡ ಕೇಂದ್ರ 1950ರಲ್ಲಿ ಬಂತು. ನಮ್ಮ ಗುಲಬರ್ಗಾ ಕೇಂದ್ರ 1966ರಲ್ಲಿ. ಊರಿನ ಹೆಸರು 2014ರಲ್ಲಿ ಕಲಬುರಗಿ ಎಂದಾಯಿತು, ಆದರೆ ನನ್ನ ವಯಸ್ಸಿನವರ ಕಿವಿಯಲ್ಲಿ ಇನ್ನೂ ‘ಆಕಾಶವಾಣಿ, ಗುಲಬರ್ಗಾ’ ಎಂಬ ಮಾತೇ ಗುಂಯ್‌ಗುಡುತ್ತದೆ. ಅವ್ವ ರೊಟ್ಟಿ ಬಡಿಯುತ್ತ ರೇಡಿಯೋ ನಾಟಕ ಕೇಳುತ್ತಿದ್ದಳು. ನಾಟಕದಲ್ಲಿ ಯಾರಾದರೂ ಅತ್ತರೆ ರೊಟ್ಟಿ ಬಡಿಯುವ ಸದ್ದು ನಿಲ್ಲುತ್ತಿತ್ತು. ಬೆಂಗಳೂರು ಕೇಂದ್ರದ ಯಮುನಾ ಮೂರ್ತಿಯವರಂಥ ಕಲಾವಿದೆಯರು ಮುಖ ತೋರಿಸದೆಯೇ ನಾಡಿಗೆಲ್ಲ ಪರಿಚಿತರಾದರು. ಬಾಗಿಲು ಕಿರ್ರೆಂದದ್ದು, ಮಳೆ ಬಿದ್ದದ್ದು, ಕುದುರೆ ಓಡಿದ್ದು, ಎಲ್ಲವೂ ಸ್ಟುಡಿಯೋದ ಒಂದು ಕೋಣೆಯಲ್ಲಿ ಹುಟ್ಟಿದ ಸದ್ದು.

ಸಿನೆಮಾದಲ್ಲಿ ಈ ದನಿಯ ಸಾಲ ಇನ್ನೂ ಹೆಚ್ಚು. ಕನ್ನಡ ಬಾರದ ಎಷ್ಟೋ ನಾಯಕಿಯರು ನಮ್ಮ ತೆರೆಯ ಮೇಲೆ ಸೊಗಸಾಗಿ ಕನ್ನಡ ಮಾತಾಡಿದ್ದಾರೆ. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ರಂಗಭೂಮಿಯ ದೊಡ್ಡ ಹೆಸರು. ಮಾಧವಿಯಂಥ ನಟಿಯರ ಬಾಯಲ್ಲಿ ಕೇಳಿದ್ದು ಅವರ ದನಿ. ಚಿತ್ರ ನೋಡಿ ಬಂದವರು ನಾಯಕಿಯ ಸೀರೆ, ಕಣ್ಣು, ನಡಿಗೆ ಹೊಗಳುತ್ತಾರೆ. ಮಾತು ಯಾರದೆಂದು ಕೇಳುವವರು ನೂರಕ್ಕೊಬ್ಬರು.

ಡಬ್ಬಿಂಗ್ ಎಂಬ ಪದ ಕೇಳಿದರೆ ಕನ್ನಡಿಗರಿಗೆ ಬೇರೆಯೇ ನೆನಪು ಬರುತ್ತದೆ. ಇದರಲ್ಲೊಂದು ವಿಚಿತ್ರವಿದೆ. ಎ. ವಿ. ಮೇಯಪ್ಪ ಚೆಟ್ಟಿಯಾರರು 1943ರಲ್ಲಿ ಸುಬ್ಬಯ್ಯ ನಾಯ್ಡು ಅವರನ್ನು ನಾಯಕರನ್ನಾಗಿಸಿ ತೆಗೆದ ಕನ್ನಡದ ‘ಸತ್ಯ ಹರಿಶ್ಚಂದ್ರ’ ಮರುವರ್ಷ ತಮಿಳು ಮಾತು ಹೊತ್ತು ಅಲ್ಲಿನ ಥಿಯೇಟರಿಗೆ ಹೋಯಿತು. ಒಂದು ಭಾಷೆಯ ಚಿತ್ರಕ್ಕೆ ಇನ್ನೊಂದು ಭಾಷೆಯ ಮಾತು ಕೂಡಿಸಿದ ಮೊದಲ ಪ್ರಯೋಗಗಳಲ್ಲಿ ಅದು ಒಂದು. ಅಂದರೆ ದಕ್ಷಿಣದಲ್ಲಿ ಡಬ್ಬಿಂಗಿನ ದಾರಿ ತೆರೆದದ್ದೇ ಒಂದು ಕನ್ನಡ ಚಿತ್ರ. ಮುಂದೆ ಗಾಳಿ ತಿರುಗಿತು. ಪಕ್ಕದ ಭಾಷೆಗಳ ದೊಡ್ಡ ಚಿತ್ರಗಳು ಕನ್ನಡ ಮಾತು ತೊಟ್ಟು ಬರತೊಡಗಿದಾಗ, ಕನ್ನಡದಲ್ಲೇ ಚಿತ್ರ ತೆಗೆಯುವವರು, ಅದರಲ್ಲಿ ದುಡಿಯುವವರು ಏನು ಮಾಡಬೇಕೆಂಬ ಪ್ರಶ್ನೆ ಎದ್ದಿತು. 1960ರ ದಶಕದಲ್ಲಿ ಅ. ನ. ಕೃಷ್ಣರಾಯರು, ಮ. ರಾಮಮೂರ್ತಿ ಮುಂತಾದವರು ಚಳವಳಿ ಕಟ್ಟಿದರು, ರಾಜಕುಮಾರ್ ಜೊತೆ ನಿಂತರು. ತೆಲುಗಿನ ‘ಮಾಯಾಬಜಾರ್’ 1965ರಲ್ಲಿ ಕನ್ನಡದಲ್ಲಿ ಬಂದದ್ದು ಆ ಕಾಲದ ಕೊನೆಯ ಡಬ್ಬಿಂಗ್ ಚಿತ್ರಗಳಲ್ಲೊಂದು. ಸರ್ಕಾರ ಇದಕ್ಕೆ ಕಾನೂನು ಮಾಡಿರಲಿಲ್ಲ. ಉದ್ಯಮದವರ ಒಗ್ಗಟ್ಟಿನ ಕಟ್ಟುಪಾಡು, ಅಷ್ಟೇ. ಆದರೂ ಸುಮಾರು ಅರ್ಧ ಶತಮಾನ ಅದು ಕಾನೂನಿಗಿಂತ ಗಟ್ಟಿಯಾಗಿ ನಿಂತಿತು.

ಅದರಿಂದ ಆದ ಲಾಭ ಸಣ್ಣದಲ್ಲ. ಕನ್ನಡದ್ದೇ ಕಥೆ, ಕನ್ನಡದ್ದೇ ನಟರು ಬೆಳೆದರು. ಆದರೆ ನನ್ನ ತರಗತಿಯ ಮಕ್ಕಳಿಗೆ ಪ್ರಾಣಿಪಕ್ಷಿಗಳ ಸಾಕ್ಷ್ಯಚಿತ್ರವನ್ನೋ ವಿಜ್ಞಾನದ ಕಾರ್ಯಕ್ರಮವನ್ನೋ ತೋರಿಸಬೇಕೆಂದರೆ, ಅದು ತಮಿಳು, ತೆಲುಗಿನಲ್ಲಿ ಸಿಗುತ್ತಿತ್ತು, ಕನ್ನಡದಲ್ಲಿ ಸಿಗುತ್ತಿರಲಿಲ್ಲ. 2012ರಲ್ಲಿ ಅಮೀರ್ ಖಾನರ ‘ಸತ್ಯಮೇವ ಜಯತೇ’ ಬೇರೆ ಭಾಷೆಗಳಲ್ಲಿ ಬಂದಾಗ ಕನ್ನಡದ ಟಿವಿಯಲ್ಲಿ ಕನ್ನಡ ಮಾತಿನೊಡನೆ ಬರಲಾಗಲಿಲ್ಲ. ನೋಡುಗರ ಪರವಾಗಿ ಕನ್ನಡ ಗ್ರಾಹಕರ ಕೂಟ ದೂರು ಕೊಟ್ಟು, 2015ರ ಜುಲೈನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆದ ಸಂಘಟನೆಗಳ ವಿರುದ್ಧ ತೀರ್ಪು ಕೊಟ್ಟಿತು. 2017ರಲ್ಲಿ ‘ಸತ್ಯದೇವ್ ಐಪಿಎಸ್’ ಎಂಬ ಹೆಸರಿನಲ್ಲಿ ತಮಿಳಿನ ಚಿತ್ರವೊಂದು ಕನ್ನಡ ಮಾತಾಡುತ್ತ ಬಂತು. 2020ರಲ್ಲಿ, ಕೊರೋನಾ ಬೀಗ ಹಾಕಿದ್ದ ದಿನಗಳಲ್ಲಿ, ಹಿಂದಿಯ ‘ಮಹಾಭಾರತ’ ಧಾರಾವಾಹಿ ಕನ್ನಡದಲ್ಲಿ ಪ್ರಸಾರವಾದಾಗ ನಮ್ಮ ಓಣಿಯಲ್ಲಿ ಅದನ್ನು ನೋಡದ ಮನೆಯಿರಲಿಲ್ಲ. ಕರ್ಣನ ದನಿ ಚಂದವೋ ಕೃಷ್ಣನ ದನಿ ಚಂದವೋ ಎಂದು ಹೆಂಗಸರು ಮಹಡಿಯಿಂದ ಮಹಡಿಗೆ ವಾದ ಮಾಡಿದರು. ಮುಖದ ಹಿಂದಿನ ಗಂಟಲಿನ ಬಗ್ಗೆ ನಮ್ಮವರು ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಇನ್ನೂ ಒಂದು ಪ್ರಸಂಗ ಹೇಳದೆ ಮುಂದೆ ಹೋಗಲಾರೆ. ಪುನೀತ್ ರಾಜಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡಾಗ ‘ಜೇಮ್ಸ್’ ಚಿತ್ರಕ್ಕೆ ಅವರ ಮಾತು ಸೇರಿಸುವುದು ಬಾಕಿಯಿತ್ತು. ಅಣ್ಣ ಶಿವರಾಜಕುಮಾರ್ ತಮ್ಮನಿಗೆ ದನಿಯಾದರು. 2022ರ ಮಾರ್ಚ್ 17ರಂದು, ಪುನೀತರ ಹುಟ್ಟುಹಬ್ಬದ ದಿನ, ಚಿತ್ರ ಬಿಡುಗಡೆಯಾಯಿತು. ಮುಂದಿನ ತಿಂಗಳು ತಂತ್ರಜ್ಞಾನದ ನೆರವಿನಿಂದ ಪುನೀತರದೇ ದನಿಯನ್ನು ಮರಳಿ ಕಟ್ಟಿ ಮತ್ತೆ ತೋರಿಸಿದರು. ಎರಡನ್ನೂ ನೋಡಿದ ನನ್ನ ನೆಗೆಣ್ಣಿ ಹೇಳಿದ್ದಿಷ್ಟು: “ಯಂತ್ರದ್ದು ಖರೇ ಅವನ ದನೀನೇ ಅದ ಅನ್ನಿಸ್ತಕ್ಕಾ. ಆದ್ರ ಅಳು ಬಂದದ್ದು ಅಣ್ಣನ ದನಿ ಕೇಳಿದಾಗ.”

ಇಷ್ಟು ಚರಿತ್ರೆಯ ಕೊನೆಗೆ ನಮ್ಮ ತಾಜಸುಲ್ತಾನಪುರದ ಮಕ್ಕಳು ಬರುತ್ತಾರೆ. ಹೆಸರಿನಲ್ಲೇ ಕಿರೀಟವೂ ಸುಲ್ತಾನನೂ ಇರುವ ಊರು ಇದು. ಒಂದು ಕಾಲಕ್ಕೆ ಕಲಬುರಗಿಯ ಪಕ್ಕದ ಹಳ್ಳಿ, ಈಗ ಹಳ್ಳಿ ಎಲ್ಲಿ ಮುಗಿದು ಶಹರ ಎಲ್ಲಿ ಶುರುವಾಗುತ್ತದೆಂದು ಹೇಳಲಾಗದು. ಹೋದ ವರ್ಷದ ದಸರಾ ರಜೆಯಲ್ಲಿ ನನ್ನ ತಮ್ಮನ ಮಗ ಮತ್ತು ಅವನ ಮೂವರು ಗೆಳೆಯರು ಮೈನ್‌ಕ್ರಾಫ್ಟ್ ಆಟದಲ್ಲಿ ಕಲಬುರಗಿ ಕೋಟೆ ಕಟ್ಟಿದರು. ಇಟ್ಟಿಗೆಯಂಥ ಚೌಕ ಚೌಕ ತುಂಡುಗಳನ್ನು ಒಂದರ ಮೇಲೊಂದು ಪೇರಿಸುವ ಆಟ ಅದು. ಅದರೊಳಗಿನ ಮನುಷ್ಯರೂ ಚೌಕವೇ. ಅವಕ್ಕೂ ತುಟಿ ಅಲುಗುವುದಿಲ್ಲ. ಕೋಟೆಯೊಳಗೆ 1367ರ ಜಾಮಾ ಮಸೀದಿಯನ್ನು ಅದರ ಗುಮ್ಮಟಗಳ ಸಮೇತ ಎಬ್ಬಿಸಿದ್ದರು. ತೆರೆದ ಅಂಗಳವಿಲ್ಲದ, ಪೂರ್ತಿ ಛಾವಣಿ ಹೊದ್ದ ಮಸೀದಿ ಎಂಬುದನ್ನೂ ಮರೆತಿರಲಿಲ್ಲ. ಪಾಠದಲ್ಲಿ ಹೇಳಿದ್ದು ಒಂದಾದರೂ ತಲೆಗೆ ಹೋಗಿದೆಯಲ್ಲ ಎಂದು ನನಗೆ ಸಂತೋಷವಾಯಿತು.

ಅವರು ಹೇಳಹೊರಟ ಕಥೆ ಮುದಗಲ್ಲಿನ ಅಕ್ಕಸಾಲಿಗನ ಮಗಳದ್ದು. ಫೆರಿಷ್ತಾ ಎಂಬ ಇತಿಹಾಸಕಾರ ವಿಜಾಪುರದ ಆದಿಲಶಾಹಿ ದರಬಾರಿನಲ್ಲಿದ್ದು ಬರೆದ ಪಾರಸಿ ಗ್ರಂಥದಲ್ಲಿ ಬರುವ ಕಥೆ. ನಡೆದದ್ದು 1406ರ ಸುಮಾರಿಗೆ ಎನ್ನುತ್ತಾರೆ, ಬರೆದದ್ದು ಇನ್ನೂರು ವರ್ಷದ ಮೇಲೆ. ಹಾಗಾಗಿ ಎಷ್ಟು ನಿಜ, ಎಷ್ಟು ಕಟ್ಟುಕಥೆ ಎಂದು ಓದುವವರೇ ಅಳೆದು ನೋಡಬೇಕು. ಕಾಶಿಯಾತ್ರೆ ಮುಗಿಸಿ ಬರುತ್ತಿದ್ದ ಬ್ರಾಹ್ಮಣನೊಬ್ಬ ಮುದಗಲ್ಲಿನಲ್ಲಿ ಇಳಿದುಕೊಂಡು, ಆ ಮನೆಯ ಹುಡುಗಿ ಪರ್ತಾಳಿಗೆ ಸಂಗೀತ ಕಲಿಸಿದನಂತೆ. ಅವನು ವಿಜಯನಗರಕ್ಕೆ ಹೋಗಿ ದೇವರಾಯನ ಮುಂದೆ ಅವಳ ರೂಪ, ಗುಣ ಹೊಗಳಿದನಂತೆ. ರಾಯ ಒಡವೆ ಕಳಿಸಿ ಕರೆಸಿಕೊಂಡ. ಅಪ್ಪ ಅವ್ವ ಹಿಗ್ಗಿದರು. ಹುಡುಗಿ ಒಪ್ಪಲಿಲ್ಲ. ರಾಯನ ಅಂತಃಪುರ ಸೇರಿದವಳು ಮತ್ತೆ ತವರಿನ ಮುಖ ನೋಡುವಂತಿಲ್ಲ. ರಾಯನ ದಂಡು ಮುದಗಲ್ಲಿಗೆ ಬರುವಷ್ಟರಲ್ಲಿ ಅವಳೂ ಊರವರೂ ಊರು ಬಿಟ್ಟಿದ್ದರು. ತನ್ನ ಸೀಮೆ ಕೊಳ್ಳೆಹೋಯಿತೆಂದು ಕಲಬುರಗಿಯ ಫಿರೋಜ್ ಶಹಾ ಬಹಮನಿ ದಂಡೆತ್ತಿ ಹೋದ. ಒಪ್ಪಂದದಲ್ಲಿ ರಾಯ ತನ್ನ ಮಗಳನ್ನು ಫಿರೋಜನಿಗೆ ಮದುವೆ ಮಾಡಿಕೊಟ್ಟು ಬಂಕಾಪುರ ಬಿಟ್ಟುಕೊಟ್ಟ. ಪರ್ತಾಳಳನ್ನು ಕರೆತಂದು ಫಿರೋಜನ ಮಗ ಹಸನ್ ಖಾನನಿಗೆ ಮದುವೆ ಮಾಡಿದರು.

ಹುಡುಗರು ಬರೆದ ಸಂಭಾಷಣೆಯಲ್ಲಿ ಫಿರೋಜನಿಗೆ ಮಾತಿತ್ತು, ದೇವರಾಯನಿಗೆ ಮಾತಿತ್ತು, ಬ್ರಾಹ್ಮಣನಿಗೆ, ಸೇನಾಪತಿಗೆ, ಕಡೆಗೆ ಒಬ್ಬ ಕುದುರೆಯ ಆಳಿಗೂ ಮಾತಿತ್ತು. ಪರ್ತಾಳಿಗೆ ಒಂದೇ ಒಂದು ಸಾಲು: “ಕ್ಷಮಿಸಿ, ಈ ವಿವಾಹ ನನಗೆ ಇಷ್ಟವಿಲ್ಲ.” ಅದನ್ನೂ ಒಬ್ಬ ಹುಡುಗನೇ ದನಿ ತೆಳುಮಾಡಿ ಹೇಳಿದ್ದ. ಕೇಳಿದವರೆಲ್ಲ ನಕ್ಕರು. ಇನ್ನೊಂದನ್ನೂ ನಾನು ಗಮನಿಸಿದೆ. ರಾಜ ಮಹಾರಾಜರೆಲ್ಲ ಬೆಂಗಳೂರಿನ ಸಿನೆಮಾ ಕನ್ನಡ ಮಾತಾಡುತ್ತಿದ್ದರು. ಕುದುರೆಯ ಆಳು ಮಾತ್ರ ಕಲಬುರಗಿಯವನು.

“ಹಿಂಗ್ಯಾಕ?” ಎಂದೆ.

“ರಾಜಾ ಅಂದ್ರ ಹಂಗೇ ಮಾತಾಡ್ಬೇಕಲ್ಲತ್ತಿ. ನಮ್ಮ ಮಾತು ಹಾಕಿದ್ರ ಮಂದಿ ನಗ್ತಾರ.”

ಹುಡುಗರನ್ನು ಬೈದು ಏನು ಫಲ? ಚಿಕ್ಕಂದಿನಿಂದ ಅವರು ನೋಡಿದ್ದೇ ಅದು. ಸಿನೆಮಾದಲ್ಲಿ ನಮ್ಮ ಕಡೆಯ ಮಾತು ಬಂದರೆ ಅದು ನಗಿಸುವುದಕ್ಕೆ, ಇಲ್ಲವೆ ಹೆದರಿಸುವುದಕ್ಕೆ. ನಾಯಕ ಪ್ರೀತಿ ಮಾಡುವಾಗ, ತಾಯಿ ಕಣ್ಣೀರಿಡುವಾಗ ಆ ಮಾತು ಬರುವುದು ಅಪರೂಪ. ನಗಿಸುವುದು ಕಡಿಮೆ ಕೆಲಸವೆಂದು ನಾನು ಹೇಳುತ್ತಿಲ್ಲ. 2025ರ ಅಕ್ಟೋಬರಿನಲ್ಲಿ ತೀರಿಕೊಂಡ ರಾಜು ತಾಳಿಕೋಟೆಯವರ ‘ಕಲಿಯುಗದ ಕುಡುಕ’ ಕ್ಯಾಸೆಟ್ಟು ನಮ್ಮ ಕಡೆಯ ಬಸ್ಸು, ಟ್ರ್ಯಾಕ್ಟರು, ಚಹದ ಅಂಗಡಿಗಳಲ್ಲೆಲ್ಲ ಕೇಳುತ್ತಿತ್ತು. ಬರೀ ದನಿಯಿಂದ ಊರೂರು ಗೆದ್ದವರು ಅವರು. ಇವತ್ತಿಗೂ ಯೂಟ್ಯೂಬಿನಲ್ಲಿ ಹೊರಗಿನ ಸಿನೆಮಾ, ಕಾರ್ಟೂನಿನ ತುಣುಕುಗಳಿಗೆ ಉತ್ತರ ಕರ್ನಾಟಕದ ಮಾತು ಕೂಡಿಸಿದ ನಗೆತುಣುಕುಗಳು ಮನೆ ಮನೆಯಲ್ಲಿ ಓಡುತ್ತವೆ. ಆದರೆ ಒಂದು ಮಾತು ನಗುವುದಕ್ಕಷ್ಟೇ ಮೀಸಲಾದರೆ, ಆ ಮಾತಾಡುವ ಹುಡುಗಿ ಸಿಟ್ಟು ಬಂದಾಗ ಯಾವ ಮಾತಿನಲ್ಲಿ ಸಿಟ್ಟಾಗಬೇಕು?

ನಾನು ಹುಡುಗರಿಗೆ ಹೇಳಿದ್ದು ಎರಡೇ. ಪರ್ತಾಳಿಗೆ ಒಬ್ಬ ಹುಡುಗಿಯ ದನಿ ಹುಡುಕಿ. ಅವಳು ಮುದಗಲ್ಲಿನವಳು, ರಾಯಚೂರು ಸೀಮೆಯವಳು, ಅವಳಿಗೆ ಬೆಂಗಳೂರಿನ ಮಾತು ಯಾರು ಕಲಿಸಿದರೆಂದು ಯೋಚಿಸಿ.

ದನಿ ಸಿಕ್ಕಿತು. ನಮ್ಮ ಓಣಿಯ ಒಂಬತ್ತನೆಯ ತರಗತಿಯ ಹುಡುಗಿ, ಪದ್ಯ ಓದಿದರೆ ತರಗತಿ ಸುಮ್ಮನಾಗುವಂಥ ಗಂಟಲು. ಆದರೆ ಅವಳ ಅಪ್ಪ ಒಪ್ಪಲಿಲ್ಲ. “ಟೀಚರ್ರಿ, ಹೆಣ್ಮಗಳ ಧ್ವನಿ ಕಂಡಕಂಡ ಮಂದಿ ಕೇಳ್ತಾರ. ನಾಳಿ ಯಾರರ ಏನರ ಕೆಟ್ಟದ್ದು ಬರದ್ರ ಯಾರು ಹೊಣಿ?” ಅವರ ಮಾತು ಸುಳ್ಳಲ್ಲ. ಇಂಥ ವಿಡಿಯೋಗಳ ಕೆಳಗೆ ಹೆಣ್ಣುಮಕ್ಕಳ ಬಗ್ಗೆ ಜನ ಬರೆಯುವುದನ್ನು ನಾನೂ ಓದಿದ್ದೇನೆ. ಕಂಪನಿ ನಾಟಕದ ಕಾಲದಲ್ಲಿ ಹೆಣ್ಣುಮಕ್ಕಳ ಅಪ್ಪಂದಿರು ಅಂಜುತ್ತಿದ್ದುದೂ ಇದಕ್ಕೇ. ಒಳಗಿನಿಂದ ಅವಳ ಅವ್ವನೇ ಮಾತಾಡಿದಳು: “ಮಾರಿ ಕಾಣಂಗಿಲ್ಲ, ಹೆಸರು ಹಾಕಂಗಿಲ್ಲ. ಬರೇ ಮಾತು ಅದಲ್ರಿ. ಆಡ್ಲಿ ಬಿಡ್ರಿ.” ಕಡೆಗೆ ಕರಾರು ಆಯಿತು. ಧ್ವನಿಮುದ್ರಣ ನಮ್ಮ ಮನೆಯಲ್ಲಿ, ನಾನು ಎದುರಿಗಿರಬೇಕು, ವಿಡಿಯೋದ ಕೆಳಗೆ ಯಾರೂ ಏನೂ ಬರೆಯದಂತೆ ಮುಚ್ಚಿಡಬೇಕು, ಹೆಸರು ಬೇಡ.

ಧ್ವನಿಮುದ್ರಣದ ಕೆಲಸ ನಾನು ಅಂದುಕೊಂಡಷ್ಟು ಸುಲಭವಿರಲಿಲ್ಲ. ನಮ್ಮ ಊರಿನಲ್ಲಿ ನಿಶ್ಶಬ್ದ ಎಂಬುದು ದುಬಾರಿ ವಸ್ತು. ದಾಲ್ ಮಿಲ್ಲಿನ ಲಾರಿ, ತರಕಾರಿ ಗಾಡಿಯ ಮೈಕು, ಮದುವೆಯ ಡಿಜೆ, ಎಲ್ಲ ಮುಗಿಯುವುದು ರಾತ್ರಿ ಹತ್ತರ ಮೇಲೆ. ಬೆಳಗಿನ ಐದೂವರೆಯಿಂದ ಆರೂವರೆಯವರೆಗಿನ ಒಂದು ತಾಸನ್ನು ಆರಿಸಿಕೊಂಡೆವು. ಫ್ಯಾನು ನಿಲ್ಲಿಸಿದೆವು, ಫ್ರಿಜ್ಜಿನ ಪ್ಲಗ್ಗು ಕಿತ್ತೆವು. ಖಾಲಿ ಗೋಡೆಗೆ ಬಡಿದು ದನಿ ಮಾರ್ದನಿಸುತ್ತದೆಂದು, ಮೂಲೆಯಲ್ಲಿ ಎರಡು ಹಗ್ಗ ಕಟ್ಟಿ ನನ್ನ ಅತ್ತೆಯವರು ಹೊಲಿದ ಕೌದಿಗಳನ್ನು ಇಳಿಬಿಟ್ಟೆವು. ಹಳೆಯ ಸೀರೆ, ಧೋತರಗಳ ನಾಲ್ಕೈದು ಪದರ ಇರುವ ಕೌದಿ ಸದ್ದನ್ನು ಚೆನ್ನಾಗಿ ಕುಡಿಯುತ್ತದೆ. ಮೊಬೈಲನ್ನು ಬಾಯಿಂದ ಒಂದು ಗೇಣು ದೂರದಲ್ಲಿ, ತುಸು ಓರೆಯಾಗಿ ಇಟ್ಟೆವು. ನೇರ ಇಟ್ಟರೆ ಪ, ಫ, ಭ ಅಕ್ಷರಗಳ ಉಸಿರು ಫಟ್ಟೆಂದು ಹೊಡೆಯುತ್ತದೆ. ಪ್ರತಿ ಸಾಲಿನ ಮೊದಲು ಒಂದು ಚಪ್ಪಾಳೆ. ಆ ಸದ್ದಿನ ಗುರುತು ಹಿಡಿದು ಹುಡುಗರು ಮಾತನ್ನು ಚಿತ್ರಕ್ಕೆ ಹೊಂದಿಸುತ್ತಾರೆ.

ಹುಡುಗಿ ಹಾಳೆ ನೋಡಿದಳು. “ಕ್ಷಮಿಸಿ, ಈ ವಿವಾಹ ನನಗೆ ಇಷ್ಟವಿಲ್ಲ” ಎಂದು ಓದಿದಳು. ಚೆನ್ನಾಗಿಯೇ ಓದಿದಳು, ಪದ್ಯ ಓದಿದ ಹಾಗೆ. ಎರಡು ಸಲ ಹೇಳಿದ ಮೇಲೆ ತಾನೇ ತಲೆ ಅಲ್ಲಾಡಿಸಿದಳು. “ಹಿಂಗ ಯಾರಂತಾರ್ರಿ ಮನ್ಯಾಗ?” ಎಂದವಳೇ ಹಾಳೆ ಕೆಳಗಿಟ್ಟು, ಕೌದಿಯ ಕಡೆ ಮುಖ ಮಾಡಿ ಹೇಳಿದಳು: “ಯಪ್ಪಾ, ನಾ ಒಲ್ಲೆ. ಬಂಗಾರ ನೀವೇ ಇಟ್ಕೋರಿ. ನಾ ಹ್ವಾದ್ರ ತಿರುಗಿ ಬರಂಗಿಲ್ಲ, ನಿಮಗ ಗೊತ್ತದ.”

ಯಾರೂ ನಗಲಿಲ್ಲ. ನನ್ನ ತಮ್ಮನ ಮಗ ಧ್ವನಿಮುದ್ರಣ ನಿಲ್ಲಿಸುವುದನ್ನೇ ಮರೆತು ಕೂತ. ಆಮೇಲೆ ಅವರೇ ಫಿರೋಜನ ಮಾತನ್ನೂ ತಿದ್ದಿದರು. ಫಿರೋಜ್ ಶಹಾ ಹಲವು ಭಾಷೆ ಬಲ್ಲವನೆಂದು ಹೆಸರಾದವನು, ಅವನ ಗೋರಿ ಇಲ್ಲೇ ಹಫ್ತ್ ಗುಂಬಜಿನಲ್ಲಿದೆ. ಅವನಿಗೆ ನಮ್ಮ ಕಲಬುರಗಿಯ ದಖನಿ ಬೆರೆತ ಕನ್ನಡ ಹಾಕಿದರು. ಒಬ್ಬ ಹುಡುಗನ ಅಜ್ಜ ಮನೆಯಲ್ಲಿ ಮಾತಾಡುವ ರೀತಿ ಅದು. ಕುದುರೆಯ ಆಳಿಗೂ ಸುಲ್ತಾನನಿಗೂ ಮಾತು ಒಂದೇ ಆಯಿತು, ಗತ್ತು ಮಾತ್ರ ಬೇರೆ.

ವಿಡಿಯೋ ಎರಡು ಕಂತಾಗಿ ಬಂತು. ನೋಡಿದವರು ಹೆಚ್ಚಿಲ್ಲ, ನಮ್ಮ ಬಂಧುಬಳಗ, ಕಮಲಾಪುರದ ಕಡೆಯ ನಾಲ್ಕು ಶಾಲೆಗಳ ಮಕ್ಕಳು, ಅಷ್ಟೇ. ಕೊನೆಯಲ್ಲಿ ದನಿ ಕೊಟ್ಟವರ ಪಟ್ಟಿ ಬರುತ್ತದೆ. ಹುಡುಗರದೆಲ್ಲ ಹೆಸರಿದೆ. ಅವಳ ಜಾಗದಲ್ಲಿ ‘ಮುದಗಲ್ಲಿನ ಹುಡುಗಿ’ ಎಂದಿದೆ. ಆ ಹೆಸರು ಅವಳೇ ಆರಿಸಿಕೊಂಡದ್ದು. ಅವಳ ಅಪ್ಪ ಫೋನಿನಲ್ಲಿ ಅದನ್ನು ಎರಡು ಸಲ ಹಾಕಿಸಿಕೊಂಡು ಕೇಳಿದರಂತೆ, ಏನೂ ಅನ್ನಲಿಲ್ಲವಂತೆ. ಮುಂದಿನ ಕಂತಿಗೆ ಕರೆದರೆ ಕಳಿಸುತ್ತಾರೋ ಇಲ್ಲವೋ ನೋಡಬೇಕು. ಹೆಸರಿಲ್ಲದ ದನಿಯಲ್ಲಿ ರಕ್ಷಣೆಯೂ ಇದೆ, ನಷ್ಟವೂ ಇದೆ. ಭೀಮವ್ವನ ಚಿತ್ರ ಗೋಡೆಯ ಮೇಲಿರುವ ತರಗತಿಯಲ್ಲಿ ನಿಂತು ಯಾವುದು ಹೆಚ್ಚೆಂದು ಹೇಳುವುದು ನನಗೆ ಕಷ್ಟ. ತೊಂಬತ್ತಾರು ವರ್ಷ ಕಾಯಿರಿ ಎಂದು ಹುಡುಗಿಯರಿಗೆ ಹೇಳುವುದಕ್ಕಾಗುತ್ತದೆಯೇ?

ಮೊನ್ನೆ ಆ ಹುಡುಗಿ ಶಾಲೆ ಬಿಟ್ಟ ಮೇಲೆ ಬಂದು ಕೇಳಿದಳು: “ಟೀಚರ್ರಿ, ರಾಯನ ಮಗಳನ್ನ ಫಿರೋಜಗ ಕೊಟ್ರಲ್ಲ, ಆಕಿ ಏನಂದ್ಳಂತ ಬರ್ದಾರೇನ್ರಿ?”

“ಇಲ್ಲವ್ವ. ಆಕಿ ಹೆಸರು ಸೈತ ಬರ್ದಿಲ್ಲ.”

ಅವಳು ಸ್ವಲ್ಪ ಹೊತ್ತು ಸುಮ್ಮನೆ ನಿಂತಳು. ಆಮೇಲೆ ನನ್ನ ಮೇಜಿನ ಮೇಲಿದ್ದ ಪೆನ್ಸಿಲು ತೆಗೆದುಕೊಂಡು, ನೋಟ್‌ಬುಕ್ಕಿನ ಕೊನೆಯ 1 ಹಾಳೆ ತೆರೆದಳು.